ಕಟ್ಟಿದವರೂ ಕಾಯುವವರೂ

ಗಣಕಯಂತ್ರದ ಉದ್ಯೋಗದ ವಿಷಯದಲ್ಲಿ ವಿದ್ಯಾವಂತರ ಮನೆಗಳಲ್ಲಿಯೂ ಒಂದು ತಾರತಮ್ಯಬುದ್ಧಿ ಬೇರೂರಿದೆ. ಮಗನಾಗಲಿ ಮಗಳಾಗಲಿ ಹೊಸದೊಂದು ತಂತ್ರಾಂಶವನ್ನು ಕಟ್ಟುವ ಕೆಲಸದಲ್ಲಿರುವರೆಂದರೆ ತಾಯಿತಂದೆಗಳು ಬೀಗರೆದುರಿಗೆ ಅದನ್ನು ಎರಡು ಸಲ ಹೇಳುವರು. ಇಪ್ಪತ್ತು ವರ್ಷಗಳ ಹಿಂದೆ ಇನ್ನಾರೋ ಕಟ್ಟಿಟ್ಟುಹೋದುದನ್ನು ತಿದ್ದಿ ನಡೆಸಿಕೊಂಡು ಬರುವ ಕೆಲಸವಾದರೆ ಅವರ ದನಿ ತಗ್ಗುವುದು. ಕೆಲಸ ಕೊಡುವ ಸಂಸ್ಥೆಗಳ ಬುದ್ಧಿಯೂ ಇದಕ್ಕಿಂತ ಮೇಲಾದುದಲ್ಲ. ಹೊಸತನ್ನು ತೋರಿಸಿದವನಿಗೆ ಬಡ್ತಿ ದೊರೆಯುವುದು. ಹಳೆಯದು ಕೆಟ್ಟು ನಿಲ್ಲದಂತೆ ನೋಡಿಕೊಂಡವನು ಏನು ಮಾಡಿದನೆಂಬುದೇ, ಅದು ಕೆಟ್ಟು ನಿಲ್ಲಲಿಲ್ಲವಾದ ಕಾರಣ, ಯಾರ ಕಣ್ಣಿಗೂ ಬೀಳದು. ಈ ತಾರತಮ್ಯವು ಅನ್ಯಾಯವಾದುದು. ಅದಕ್ಕಿಂತಲೂ ಮಿಗಿಲಾಗಿ ಅಪಾಯಕರವಾದುದು. ಹಾಗೆಂದು ಸಾಧಿಸುವುದಕ್ಕೆ ಹೊರಗಿನವರ ಸಾಕ್ಷ್ಯ ಬೇಕಾಗಿಲ್ಲ. ಆ ವಿದ್ಯೆಯಲ್ಲಿಯೇ ತಲೆ ನರೆತ ಹಿರಿಯರು ತಮ್ಮ ಅನುಭವವನ್ನು ಬರೆದಿಟ್ಟಿರುವರು. ಅದನ್ನು ಓದುವ ತಾಳ್ಮೆಯಿದ್ದರೆ ಸಾಕು.

ಮೊದಲು ತಂತ್ರಾಂಶವೆಂದರೇನೆಂಬುದು ಸ್ಪಷ್ಟವಾಗಬೇಕು. ಯಂತ್ರವು ಯಾವ ಸಂದರ್ಭದಲ್ಲಿ ಏನು ಮಾಡತಕ್ಕದ್ದೆಂದು ಮನುಷ್ಯನು ಬರೆದುಕೊಟ್ಟ ವಿಧಿವಾಕ್ಯಗಳ ಸಮುದಾಯವೇ ತಂತ್ರಾಂಶ. ಸಣ್ಣದೊಂದರಲ್ಲಿ ನೂರು ಸಾಲುಗಳಿದ್ದರೆ ದೊಡ್ಡದರಲ್ಲಿ ಹತ್ತಾರು ಲಕ್ಷ ಸಾಲುಗಳಿರುವುವು. ಅದರಲ್ಲಿ ಉತ್ಸರ್ಗವುಂಟು, ಅಪವಾದವುಂಟು. ಒಂದು ವಿಧಿ ಇನ್ನೊಂದನ್ನು ಬಾಧಿಸುವುದುಂಟು. ಎಲ್ಲಿಯೋ ಹೇಳಿದ ಸಂಜ್ಞೆ ಇನ್ನೆಲ್ಲಿಯೋ ಅನುವರ್ತಿಸುವುದುಂಟು. ವ್ಯಾಕರಣವನ್ನು ಗುರುಮುಖದಿಂದ ಓದಿದವರಿಗೆ ಈ ಲೋಕವು ಅಪರಿಚಿತವೆನಿಸಲಾರದು. ಒಂದು ಸೂತ್ರದಲ್ಲಿ ಒಂದಕ್ಷರವನ್ನು ತಿದ್ದಿದರೆ ಎಷ್ಟು ದೂರದ ಪ್ರಯೋಗ ಕೆಡುವುದೆಂಬುದನ್ನು ಇಡೀ ಶಾಸ್ತ್ರವನ್ನು ಮನಸ್ಸಿನಲ್ಲಿಟ್ಟುಕೊಂಡವನೇ ಹೇಳಬಲ್ಲನು.

ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳುವುದು ವಾದಧರ್ಮ. ಕಾಯುವವರನ್ನು ಕೀಳಾಗಿ ಕಾಣುವವರು ನಾಲ್ಕು ಮಾತುಗಳನ್ನು ಹೇಳುವರು. ತಂತ್ರಾಂಶಕ್ಕೆ ಸವಕಳಿಯಿಲ್ಲ, ಒಮ್ಮೆ ಸರಿಯಾಗಿ ಬರೆದರೆ ಎಂದೆಂದಿಗೂ ಸರಿ, ಇದು ಮೊದಲನೆಯದು. ಕೆಲಸ ಹಿಂದೆಬಿದ್ದರೆ ಹೆಚ್ಚು ಜನರನ್ನು ಹಚ್ಚಿದರಾಯಿತು, ಹಳಬರೇ ಬೇಕೆಂಬ ನಿರ್ಬಂಧವೇಕೆ? ಇದು ಎರಡನೆಯದು. ಹಳೆಯದು ತೊಡಕಾದರೆ ಎಸೆದು ಹೊಸತನ್ನು ಬರೆಯುವುದೇ ಲೇಸೆಂಬುದು ಮೂರನೆಯದು. ಈಗ ಯಂತ್ರವೇ ತಂತ್ರಾಂಶವನ್ನು ಬರೆಯುತ್ತಿರುವಾಗ ಕಾಯುವವನ ಮಾತೇಕೆಂಬುದು ನಾಲ್ಕನೆಯದು. ಒಂದೊಂದನ್ನೂ ಪರೀಕ್ಷಿಸಬಹುದು.

ಕಬ್ಬಿಣಕ್ಕೆ ತುಕ್ಕುಂಟು, ಅಕ್ಷರಕ್ಕೆ ತುಕ್ಕಿಲ್ಲವೆಂಬುದು ನಿಜ. ಆದರೆ ಅಕ್ಷರವು ನಿಂತಲ್ಲಿ ನಿಂತಿದ್ದರೂ ಲೋಕವು ನಿಲ್ಲುವುದಿಲ್ಲ. ೧೯೯೬ನೆಯ ಜೂನ್ ೪ರಂದು ಫ್ರೆಂಚ್ ಗಯಾನದ ಕೂರೂ ಎಂಬಲ್ಲಿಂದ ಏರಿದ ಏರಿಯಾನ್-೫ ಎಂಬ ರಾಕೆಟ್ಟು ಸುಮಾರು ನಲವತ್ತು ಸೆಕೆಂಡುಗಳೊಳಗೆ ಆಕಾಶದಲ್ಲಿ ಛಿದ್ರವಾಯಿತು. ಅದರೊಡನೆ ನಾಲ್ಕು ಉಪಗ್ರಹಗಳು ನಾಶವಾದವು. ದಿಕ್ಕನ್ನೂ ಗತಿಯನ್ನೂ ಅಳೆಯುವ ಭಾಗದ ತಂತ್ರಾಂಶವನ್ನು ಹಿಂದಿನ ಏರಿಯಾನ್-೪ರಿಂದ ಹಾಗೆಯೇ ತೆಗೆದುಕೊಳ್ಳಲಾಗಿತ್ತು. ಅಲ್ಲಿ ಅದು ವರ್ಷಗಟ್ಟಲೆ ದೋಷವಿಲ್ಲದೆ ನಡೆದಿತ್ತು. ಹೊಸ ರಾಕೆಟ್ಟಿನ ಅಡ್ಡಗತಿಯ ವೇಗ ಹಿಂದಿನದಕ್ಕಿಂತ ಹೆಚ್ಚು. ೩೨,೭೬೭ಕ್ಕೆ ಮೀರಿದ ಸಂಖ್ಯೆಯನ್ನು ಹಿಡಿಯಲಾರದ ಪಾತ್ರೆಯೊಳಗೆ ಅದಕ್ಕೂ ದೊಡ್ಡದಾದ ಸಂಖ್ಯೆಯನ್ನು ತುಂಬಲು ಹೋಗಿ ಎಣಿಕೆ ಮುರಿದುಬಿತ್ತು. ಒಂದು ಕೆಟ್ಟರೆ ಇನ್ನೊಂದಿರಲೆಂದು ಇಟ್ಟಿದ್ದ ಜೋಡಿ ಯಂತ್ರದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣದಿಂದ ಕೆಟ್ಟಿತು. ಇನ್ನೂ ಶೋಚನೀಯವಾದ ಸಂಗತಿಯೆಂದರೆ, ಆ ಎಣಿಕೆಯು ಹೊಸ ರಾಕೆಟ್ಟು ನೆಲಬಿಟ್ಟಮೇಲೆ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಇಲ್ಲಿ ಅಕ್ಷರವೊಂದೂ ಬದಲಾಗಿರಲಿಲ್ಲ. ಬದಲಾಗದೆ ಇದ್ದುದೇ ಕೇಡಾಯಿತು.

ಇದು ಒಂದೇ ಒಂದು ದುರದೃಷ್ಟದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಐಬಿಎಂ ಸಂಸ್ಥೆಯಲ್ಲಿದ್ದ ಮೀರ್ ಲೇಮನ್ ಮತ್ತು ಲಾಸ್ಲೋ ಬೆಲಾಡಿ ಎಂಬ ವಿದ್ವಾಂಸರು ೧೯೭೦ರ ದಶಕದಲ್ಲಿ ಒಂದು ದೊಡ್ಡ ತಂತ್ರಾಂಶದ ಆವೃತ್ತಿಗಳನ್ನು ಒಂದರ ಮೇಲೊಂದಿಟ್ಟು ಅಳೆದು ನೋಡಿದರು. ಲೋಕವ್ಯವಹಾರದಲ್ಲಿ ಬಳಕೆಯಾಗುವ ತಂತ್ರಾಂಶವು ಬದಲಾಗುತ್ತಲೇ ಇರಬೇಕು, ಇಲ್ಲವಾದರೆ ದಿನೇ ದಿನೇ ನಿಷ್ಪ್ರಯೋಜಕವಾಗುವುದು. ಬದಲಾದಂತೆಲ್ಲ ಅದರ ತೊಡಕು ಹೆಚ್ಚುವುದು, ತೊಡಕನ್ನು ಬಿಡಿಸುವುದಕ್ಕೆಂದೇ ಪ್ರತ್ಯೇಕವಾಗಿ ದುಡಿದರೆ ಮಾತ್ರ ಅದು ಹದ್ದಿನಲ್ಲಿರುವುದು. ಇದು ಅವರು ಕಂಡುಕೊಂಡ ತತ್ತ್ವದ ಸಾರ. ಕೆರೆಯನ್ನು ಕಟ್ಟಿಸಿದ ಅರಸರು ಹೂಳು ತೆಗೆಯುವುದಕ್ಕೂ ಏರಿಯನ್ನು ಕಾಯುವುದಕ್ಕೂ ಭೂಮಿ ಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹಲವು ಇವೆ. ಕಟ್ಟುವ ದಿನವೇ ಕಾಯುವ ಖರ್ಚನ್ನೂ ಎಣಿಸಿದವರ ವಿವೇಕವದು.

ಎರಡನೆಯ ಮಾತಿಗೆ ಉತ್ತರ ಹೇಳತಕ್ಕವರು ಫ್ರೆಡ್ರಿಕ್ ಬ್ರೂಕ್ಸ್. ೧೯೩೧ರಲ್ಲಿ ಜನಿಸಿ ೨೦೨೨ರಲ್ಲಿ ತೀರಿಕೊಂಡ ಈ ಅಮೆರಿಕದ ಪಂಡಿತರು ಐಬಿಎಂ ಸಂಸ್ಥೆಯ ಸಿಸ್ಟಮ್-೩೬೦ ಎಂಬ ಗಣಕಕುಲದ ನಿರ್ಮಾಣವನ್ನು ನಡೆಸಿದವರು. ೧೯೬೪ರಲ್ಲಿ ಪ್ರಕಟವಾದ ಆ ಗಣಕಗಳಿಗೆ ಬೇಕಾದ ಮೂಲ ತಂತ್ರಾಂಶದ ಹೊಣೆಯನ್ನೂ ಅವರು ಹೊತ್ತರು. ಅದು ಹೇಳಿದ ಕಾಲಕ್ಕೆ ಮುಗಿಯಲಿಲ್ಲ. ಎಣಿಸಿದ ಖರ್ಚಿನಲ್ಲಿಯೂ ಮುಗಿಯಲಿಲ್ಲ. ಒಂದು ಕಾಲದಲ್ಲಿ ಸಾವಿರಕ್ಕೂ ಮೇಲ್ಪಟ್ಟ ಜನ ಅದರಲ್ಲಿ ದುಡಿಯುತ್ತಿದ್ದರು. ೧೯೬೩ರಿಂದ ೧೯೬೬ರವರೆಗೆ ಅದಕ್ಕೆ ತಗುಲಿದ ದುಡಿಮೆಯು ಒಬ್ಬನೇ ಮಾಡುವುದಾಗಿದ್ದರೆ ಸುಮಾರು ೫,೦೦೦ ವರ್ಷಗಳಷ್ಟಾಗುತ್ತಿತ್ತೆಂದು ಅವರೇ ಲೆಕ್ಕ ಕೊಟ್ಟಿರುವರು. ಆ ಅನುಭವದಿಂದ ೧೯೭೫ರಲ್ಲಿ ಅವರು ಬರೆದ ಪುಸ್ತಕವು ಈ ವಿದ್ಯೆಯಲ್ಲಿ ಇಂದಿಗೂ ಓದಲ್ಪಡುತ್ತಿದೆ. ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದೆಂಬುದು ಅವರ ಪ್ರಸಿದ್ಧವಾದ ನಿರ್ಣಯ.

ಇದು ಒಗಟಿನಂತೆ ಕಂಡರೂ ಲೆಕ್ಕ ಸುಲಭವಾಗಿದೆ. ಗದ್ದೆ ಕೊಯ್ಯುವ ಆಳುಗಳು ಒಬ್ಬರೊಡನೊಬ್ಬರು ಮಾತನಾಡದೆಯೂ ಕೊಯ್ಯಬಹುದು. ವಿಧಿವಾಕ್ಯಗಳನ್ನು ಬರೆಯುವವರಲ್ಲಿ ಪ್ರತಿಯೊಬ್ಬನೂ ಉಳಿದವರ ಮನಸ್ಸನ್ನು ತಿಳಿದಿರಬೇಕು. ಹತ್ತು ಜನರಿದ್ದರೆ ಇಬ್ಬಿಬ್ಬರ ನಡುವಣ ಮಾತುಕತೆಯ ದಾರಿಗಳು ನಲವತ್ತೈದು. ಐವತ್ತು ಜನರಿದ್ದರೆ ೧,೨೨೫. ಹೊಸದಾಗಿ ಬಂದವನಿಗೆ ಪಾಠ ಹೇಳಬೇಕಾದವನು ಹಳಬನೇ. ಆದಕಾರಣ ಬಂದವನೂ ದುಡಿಯಲಾರ, ಇದ್ದವನೂ ದುಡಿಯಲಾರ. ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ: ಒಂದು ದೋಷವನ್ನು ತಿದ್ದುವಾಗ ಇನ್ನೊಂದು ದೋಷ ಹೊಕ್ಕುವ ಸಂಭವವು ನೂರಕ್ಕೆ ಇಪ್ಪತ್ತರಿಂದ ಐವತ್ತು. ಬಹುಜನರು ಬಳಸುವ ತಂತ್ರಾಂಶವನ್ನು ಕಾಯುವ ವೆಚ್ಚವು ಕಟ್ಟಿದ ವೆಚ್ಚದ ನೂರಕ್ಕೆ ನಲವತ್ತು ಪಾಲು ಅಥವಾ ಅದಕ್ಕೂ ಹೆಚ್ಚು. ತಿದ್ದುವುದು ಕಟ್ಟುವುದಕ್ಕಿಂತ ಸುಲಭವೆಂದು ಹೇಳುವವರು ಈ ಎರಡು ಲೆಕ್ಕಗಳಿಗೆ ಮೊದಲು ಸಮಾಧಾನ ಹೇಳಬೇಕು. ಹಳಬನನ್ನು ಕಳುಹಿಸಿ ಅವನ ಸಂಬಳದಲ್ಲಿ ಇಬ್ಬರು ಹೊಸಬರನ್ನು ಇಟ್ಟುಕೊಂಡೆನೆಂದು ಹಿಗ್ಗುವ ಯಜಮಾನನು ಲಾಭವನ್ನು ಎಣಿಸಿದನೇ ಹೊರತು ನಷ್ಟವನ್ನು ಎಣಿಸಿದವನಲ್ಲ.

ಮೂರನೆಯ ಮಾತು ಕೇಳುವುದಕ್ಕೆ ಬಹಳ ಇಂಪಾಗಿದೆ. ಇನ್ನೊಬ್ಬರು ಬರೆದುದನ್ನು ಓದುವುದು ತಾನೇ ಬರೆಯುವುದಕ್ಕಿಂತ ಕಷ್ಟವಾದುದರಿಂದ ಪ್ರತಿಯೊಬ್ಬ ತರುಣನಿಗೂ ಹಳೆಯದೆಲ್ಲ ಕಸವೆಂದೇ ತೋರುವುದು. ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ನೆಟ್‌ಸ್ಕೇಪ್ ಎಂಬ ತಂತ್ರಾಂಶವು ೧೯೯೦ರ ದಶಕದ ನಡುವಣ ವರ್ಷಗಳಲ್ಲಿ ಲೋಕದಲ್ಲೆಲ್ಲ ಹರಡಿತ್ತು. ೧೯೯೮ರಲ್ಲಿ ಅದರ ಕರ್ತರು ಹಳೆಯ ಬರೆಹದ ಬಹುಭಾಗವನ್ನು ಬಿಟ್ಟು ಹೊಸದಾಗಿ ಬರೆಯಲು ನಿಶ್ಚಯಿಸಿದರು. ನಾಲ್ಕನೆಯ ಆವೃತ್ತಿಯಾದಮೇಲೆ ಐದನೆಯದು ಹೊರಬರಲೇ ಇಲ್ಲ. ಆರನೆಯದು ಬಂದುದು ೨೦೦೦ನೆಯ ನವೆಂಬರಿನಲ್ಲಿ. ಅಷ್ಟರಲ್ಲಿ ಪ್ರತಿಸ್ಪರ್ಧಿಯು ಪೇಟೆಯನ್ನು ಹಿಡಿದಾಗಿತ್ತು. ಪ್ರತಿಸ್ಪರ್ಧಿಯ ಬಲವೂ ಅದಕ್ಕೆ ಕಾರಣವಾಯಿತೆಂಬುದನ್ನು ಒಪ್ಪಬೇಕು. ಆದರೆ ಎದುರಾಳಿ ಕತ್ತಿ ಬೀಸುತ್ತಿರುವಾಗ ತನ್ನ ಕತ್ತಿಯನ್ನು ಕುಲುಮೆಗೆ ಹಾಕಿದವನು ಸೋತದ್ದಕ್ಕೆ ಎದುರಾಳಿಯೊಬ್ಬನನ್ನೇ ದೂರುವುದು ಸಲ್ಲದು. ಮೊದಲು ಬರೆದುದನ್ನು ಎಸೆಯುವುದಕ್ಕೆ ಸಿದ್ಧವಾಗಿರಬೇಕೆಂದು ೧೯೭೫ರಲ್ಲಿ ಬೋಧಿಸಿದ್ದ ಬ್ರೂಕ್ಸರೇ ಇಪ್ಪತ್ತು ವರ್ಷಗಳ ತರುವಾಯ, ೧೯೯೫ರ ಆವೃತ್ತಿಯಲ್ಲಿ, ಆ ಬೋಧನೆ ತಪ್ಪೆಂದು ಒಪ್ಪಿಕೊಂಡು ಸ್ವಲ್ಪಸ್ವಲ್ಪವಾಗಿ ಬೆಳೆಸುವ ಕ್ರಮವನ್ನು ಎತ್ತಿಹಿಡಿದರು. ತಾನು ಬರೆದುದನ್ನು ತಾನೇ ಖಂಡಿಸುವ ಧೈರ್ಯ ಪಂಡಿತರಲ್ಲಿ ಎಷ್ಟು ಜನರಿಗುಂಟು?

ಹೊಸದಾಗಿ ಬರೆಯುವುದು ಎಂದಿಗೂ ಕೂಡದೆಂಬ ಹಟವೂ ಸರಿಯಲ್ಲ. ಅಧಿಕಾರಿಯಾದವನು ಬರೆಯಬಹುದು; ಹಳೆಯದನ್ನು ಪೂರ್ತಿಯಾಗಿ ಬಲ್ಲವನೇ ಅಧಿಕಾರಿ. ಇದಕ್ಕೆ ನಿದರ್ಶನ ಡೊನಾಲ್ಡ್ ಕನೂತ್. ೧೯೩೮ರಲ್ಲಿ ಜನಿಸಿದ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಈ ಆಚಾರ್ಯರು ಗಣಕಶಾಸ್ತ್ರದ ಮಹಾಗ್ರಂಥವೊಂದನ್ನು ಸಂಪುಟ ಸಂಪುಟವಾಗಿ ರಚಿಸುತ್ತ ಬಂದವರು. ೧೯೭೭ರಲ್ಲಿ ಅದರ ಎರಡನೆಯ ಸಂಪುಟದ ಹೊಸ ಮುದ್ರಣದ ಕರಡಚ್ಚು ಕೈಗೆ ಬಂದಾಗ ಅಕ್ಷರಗಳ ಕುರೂಪವನ್ನು ಕಂಡು ಅವರ ಮನಸ್ಸು ನೊಂದಿತು. ಮುದ್ರಣಕ್ಕೆ ಅಕ್ಷರ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯುವೆನೆಂದು ಹೊರಟರು. ಒಂದು ವರ್ಷದ ಕೆಲಸವೆಂದು ಎಣಿಸಿದ್ದುದು ಸುಮಾರು ಹತ್ತು ವರ್ಷ ಹಿಡಿಯಿತು. ಟೆಕ್ ಎಂಬ ಆ ತಂತ್ರಾಂಶದ ಮೊದಲ ರೂಪವನ್ನು ಬಿಟ್ಟು ೧೯೮೨ರ ವೇಳೆಗೆ ಪೂರ್ತಿಯಾಗಿ ಹೊಸದಾಗಿ ಬರೆದರು. ಬಿಟ್ಟವನೂ ಬರೆದವನೂ ಒಬ್ಬನೇ ಆದುದರಿಂದ ಹಳೆಯದರ ತಿಳಿವು ಯಾವುದೂ ನಷ್ಟವಾಗಲಿಲ್ಲ.

ಆಮೇಲೆ ಅವರು ಮಾಡಿದ್ದು ಇನ್ನೂ ಸ್ಮರಣೀಯವಾದುದು. ೧೯೭೮ರಿಂದ ತಮ್ಮ ತಂತ್ರಾಂಶದಲ್ಲಿ ಕಂಡುಬಂದ ಪ್ರತಿಯೊಂದು ತಪ್ಪನ್ನೂ ಅವರು ಒಂದು ಪುಸ್ತಕದಲ್ಲಿ ದಾಖಲಿಸಿ, ೮೫೦ಕ್ಕೂ ಮೇಲ್ಪಟ್ಟ ಆ ನಮೂದುಗಳ ಪಟ್ಟಿಯನ್ನು ೧೯೮೯ರಲ್ಲಿ ಲೋಕದ ಮುಂದೆ ಪ್ರಕಟಿಸಿದರು. ೧೯೮೬ರಲ್ಲಿ ತಂತ್ರಾಂಶದ ಮೂಲಪಾಠವನ್ನೇ ವಿವರಣೆಯೊಡನೆ, ಮನುಷ್ಯನು ಕುಳಿತು ಓದಬಹುದಾದ ಪುಸ್ತಕವಾಗಿ ಅಚ್ಚುಹಾಕಿಸಿದ್ದರು. ಯಂತ್ರಕ್ಕೆ ಅಪ್ಪಣೆ ಕೊಡುವುದಕ್ಕಿಂತ ಮನುಷ್ಯನಿಗೆ ಅರ್ಥ ತಿಳಿಸುವುದೇ ಬರೆಯುವವನ ಮುಖ್ಯಕರ್ತವ್ಯವೆಂಬುದು ೧೯೮೪ರಲ್ಲಿ ಅವರು ಪ್ರತಿಪಾದಿಸಿದ ಮತ. ತಪ್ಪು ಹುಡುಕಿದವರಿಗೆ ಬಹುಮಾನವನ್ನೂ ಇಟ್ಟರು. ವರ್ಷ ವರ್ಷಕ್ಕೆ ಇಮ್ಮಡಿಸುತ್ತ ಅದು ೩೨೭ ಡಾಲರ್ ೬೮ ಸೆಂಟುಗಳವರೆಗೆ ಏರಿತು. ಆವೃತ್ತಿಯ ಸಂಖ್ಯೆ ಪ್ರತಿ ತಿದ್ದುಪಡಿಗೂ ಒಂದೊಂದು ಅಂಕೆ ಬೆಳೆದು, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಸಮೀಪಿಸುತ್ತಿದೆ. ೨೦೨೧ರ ತಿದ್ದುಪಡಿಯಿಂದ ಅದು ೩.೧೪೧೫೯೨೬೫೩ ಆಯಿತು. ತಂತ್ರಾಂಶ ಬರೆಯುವುದು ಗ್ರಂಥ ಬರೆಯುವುದಕ್ಕಿಂತ ಕಷ್ಟವೆಂದು ಎರಡನ್ನೂ ಬರೆದ ಈ ಹಿರಿಯರೇ ಒಪ್ಪಿರುವರು. ಕಟ್ಟಿದವನೇ ನಲವತ್ತು ವರ್ಷಗಳಿಗೂ ಹೆಚ್ಚುಕಾಲ ಕಾವಲು ಕುಳಿತಿರುವಾಗ ಕಾಯುವ ಕೆಲಸವು ಕಟ್ಟಲಾರದವರ ಕೆಲಸವೆಂದು ಯಾವ ಬಾಯಿಂದ ಹೇಳುವುದು?

ನಾಲ್ಕನೆಯ ಮಾತು ಈ ಕೆಲವು ವರ್ಷಗಳದು. ಮನುಷ್ಯನು ಬಾಯಿಮಾತಿನಲ್ಲಿ ಕೇಳಿದರೆ ನೂರಾರು ಸಾಲುಗಳನ್ನು ಕ್ಷಣಾರ್ಧದಲ್ಲಿ ಬರೆದುಕೊಡುವ ಯಂತ್ರಗಳು ಬಂದಿವೆ. ಅವುಗಳಿಂದ ಉಪಕಾರವೂ ಆಗುತ್ತಿದೆ. ಆದರೆ ಬರೆಯುವುದು ಅಗ್ಗವಾದರೆ ತಿಳಿಯುವುದೂ ಅಗ್ಗವಾಯಿತೆಂದು ಯಾರು ಹೇಳಿದರು? ಡೆನ್ಮಾರ್ಕ್ ದೇಶದ ಪೀಟರ್ ನೌರ್ ಎಂಬ ಹಿರಿಯರು ೧೯೮೫ರಲ್ಲಿ ಒಂದು ಪ್ರಬಂಧವನ್ನು ಬರೆದು, ತಂತ್ರಾಂಶದ ಜೀವವು ಕಾಗದದ ಮೇಲಿನ ಸಾಲುಗಳಲ್ಲಿಲ್ಲ, ಕಟ್ಟಿದವರ ಮನಸ್ಸಿನಲ್ಲಿರುವ ತಿಳಿವಿನಲ್ಲಿದೆಯೆಂದು ಪ್ರತಿಪಾದಿಸಿದರು. ಅವರು ಕೊಟ್ಟ ಉದಾಹರಣೆ ಹೀಗಿದೆ. ಒಂದು ತಂಡವು ಕಟ್ಟಿದ ತಂತ್ರಾಂಶವನ್ನು ಬೆಳೆಸುವುದಕ್ಕಾಗಿ ಇನ್ನೊಂದು ತಂಡವು ತೆಗೆದುಕೊಂಡಿತು. ಮೂಲಪಾಠವಿತ್ತು, ವಿವರಣೆಯಿತ್ತು, ಸಲಹೆಗೆ ಮೊದಲಿನವರೂ ಇದ್ದರು. ಆದರೂ ಎರಡನೆಯ ತಂಡದವರು ಸೂಚಿಸಿದ ತಿದ್ದುಪಡಿಗಳು ಮೂಲದ ಕಟ್ಟನ್ನೇ ಕೆಡಿಸುವಂತಿದ್ದುವೆಂಬುದು ಮೊದಲಿನವರಿಗೆ ನೋಡಿದ ಕೂಡಲೆ ಗೊತ್ತಾಯಿತು. ಮೊದಲಿನವರ ಸಲಹೆ ನಿಂತುಹೋದ ಮೇಲೆ, ಕೆಲವು ವರ್ಷಗಳಲ್ಲಿ ಆ ಕಟ್ಟು ತೇಪೆಗಳ ಕೆಳಗೆ ಹೂತುಹೋಯಿತು. ಗುರುಪರಂಪರೆ ಕಡಿದ ಶಾಖೆಯ ಓಲೆಗಳು ಉಳಿದಿದ್ದರೂ ಸ್ವರ ಉಳಿಯುವುದಿಲ್ಲವೆಂಬುದನ್ನು ವೇದಪಾಠಿಗಳು ಬಲ್ಲರು. ಯಂತ್ರವು ಸಾಲುಗಳನ್ನು ಹೆಚ್ಚಿಸಿದಷ್ಟೂ ಅವನ್ನು ಓದಿ, ಇದು ಬೇಕು, ಇದು ಬೇಡ, ಇದು ಮೂಲದ ಕಟ್ಟಿಗೆ ವಿರೋಧವೆಂದು ನಿರ್ಣಯಿಸಬಲ್ಲವನ ಅಗತ್ಯ ಹೆಚ್ಚುವುದೇ ಹೊರತು ಕಡಿಮೆಯಾಗದು.

ಕಾಯುವವರನ್ನು ಕಡೆಗಣಿಸಿದುದರ ಫಲ ಲೋಕಕ್ಕೆ ಆಗಲೇ ತಿಳಿದಿದೆ. ಅಂತರ್ಜಾಲದಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಗುಪ್ತಪದಗಳನ್ನೂ ಪರರ ಕಣ್ಣಿನಿಂದ ಕಾಪಾಡುವ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ೨೦೧೨ರಲ್ಲಿ ಹೊಕ್ಕ ಒಂದು ದೋಷವು ೨೦೧೪ನೆಯ ಏಪ್ರಿಲ್‌ವರೆಗೆ ಬಯಲಾಗಲಿಲ್ಲ. ಕೇಳಿದವನು ಕೇಳಿದಷ್ಟು ಉದ್ದದ ಉತ್ತರ ಕೊಡುವ ಮುನ್ನ ಅಷ್ಟು ಉದ್ದ ನಿಜವಾಗಿಯೂ ಉಂಟೇ ಎಂದು ನೋಡಬೇಕಾಗಿತ್ತು. ಆ ಒಂದು ಪರೀಕ್ಷೆ ಬಿಟ್ಟುಹೋಗಿತ್ತು. ಅದರಿಂದ ಯಂತ್ರದ ನೆನಪಿನಲ್ಲಿದ್ದ ಗುಟ್ಟುಗಳು ಹೊರಗೆ ಸೋರುವಂತಾಯಿತು. ಲೋಕದ ಮಹಾಸಂಸ್ಥೆಗಳೆಲ್ಲ ನೆಚ್ಚಿಕೊಂಡಿದ್ದ ಆ ತಂತ್ರಾಂಶಕ್ಕೆ ಪೂರ್ಣಕಾಲ ದುಡಿಯುವವನು ಒಬ್ಬನಿದ್ದನು. ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು ೨,೦೦೦ ಡಾಲರ್. ಕೋಟಿ ಕೋಟಿ ಗಳಿಸಿದವರಿಗೆ ಬಾಗಿಲಿನ ಕಾವಲುಗಾರನಿಗೆ ಕೂಳಿಕ್ಕಬೇಕೆಂಬುದು ನೆನಪಿಗೆ ಬಂದುದು ಬಾಗಿಲು ತೆರೆದುಬಿದ್ದಿರುವುದು ಕಂಡಮೇಲೆ. ಆದರೂ ಪಾಠ ಪೂರ್ತಿಯಾಗಿ ಮನಸ್ಸಿಗೆ ಹತ್ತಿದಂತಿಲ್ಲ. ಎಕ್ಸ್‌ಜೆಡ್ ಎಂಬ ಇನ್ನೊಂದು ತಂತ್ರಾಂಶವನ್ನು ಸಂಬಳವಿಲ್ಲದೆ ನೋಡಿಕೊಂಡು ದಣಿದಿದ್ದ ಒಬ್ಬನ ವಿಶ್ವಾಸವನ್ನು ಯಾರೋ ಸಹಾಯಕನ ವೇಷದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ಗಳಿಸಿ, ಒಳಗೆ ಕಳ್ಳದಾರಿಯನ್ನು ಇಟ್ಟರು. ೨೦೨೪ನೆಯ ಮಾರ್ಚಿಯಲ್ಲಿ ಒಬ್ಬ ಎಂಜಿನಿಯರು ತನ್ನ ಯಂತ್ರವು ಪ್ರವೇಶ ಕೊಡುವುದಕ್ಕೆ ಎಂದಿಗಿಂತ ಅರ್ಧ ಸೆಕೆಂಡು ತಡಮಾಡುವುದನ್ನು ಗಮನಿಸಿ ಅದನ್ನು ಹಿಡಿದನು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಕ್ಷಮಿಸದ ಆ ಕಣ್ಣಿನ ಬೆಲೆ ಎಷ್ಟೆಂದು ಯಾವ ಲೆಕ್ಕಪುಸ್ತಕದಲ್ಲಿ ಬರೆದಿದೆ?

ಕನ್ನಡನಾಡಿನವರಂತೂ ಕಾಯುವ ಕೆಲಸವನ್ನು ಹಳಿಯಲಾರರು. ವರ್ಷವನ್ನು ಎರಡೇ ಅಂಕೆಗಳಲ್ಲಿ ಬರೆಯುತ್ತಿದ್ದ ಹಳೆಯ ತಂತ್ರಾಂಶಗಳು ೨೦೦೦ನೆಯ ವರ್ಷವನ್ನು ೧೯೦೦ ಎಂದು ತಿಳಿಯುವ ಭಯವಿದ್ದಾಗ, ಪರದೇಶಗಳ ಆ ಬರೆಹವನ್ನು ಸಾಲು ಸಾಲಾಗಿ ಓದಿ ತಿದ್ದಿಕೊಟ್ಟವರಲ್ಲಿ ಬೆಂಗಳೂರಿನ ತರುಣ ತರುಣಿಯರು ಬಹುಮಂದಿ. ನಗರದ ಉದ್ಯಮ ಬೆಳೆದುದರಲ್ಲಿ ಆ ತಿದ್ದುವ ಕೆಲಸಕ್ಕೂ ದೊಡ್ಡ ಪಾಲುಂಟು. ೨೦೦೦ನೆಯ ಜನವರಿ ೧ರಂದು ಹೇಳಿಕೊಳ್ಳುವಂಥ ಅನಾಹುತವಾಗಲಿಲ್ಲವೆಂದು ಅದನ್ನೆಲ್ಲ ಬರಿಯ ಗುಲ್ಲೆಂದು ನಕ್ಕವರುಂಟು. ಏರಿ ಒಡೆಯಲಿಲ್ಲವಾದುದರಿಂದ ಏರಿಯನ್ನು ಬಲಪಡಿಸಿದ್ದು ದಂಡವೆಂದು ಹೇಳಿದಂತಾಯಿತು ಅದು.

ಸಾಹಿತ್ಯಾಭಿಮಾನಿಗಳ ಮನೆಯಲ್ಲಿಯೇ ಇದರ ಪರೀಕ್ಷೆ ನಡೆಯಬಹುದು. ಯುನಿಕೋಡ್ ಎಂಬ ಸರ್ವಲಿಪಿಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಬಹುಕಾಲ ಕನ್ನಡದ ಬೆರಳಚ್ಚು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಅಚ್ಚುಮೊಳೆಗಳಲ್ಲಿಯೇ ನಡೆಯಿತು. ಆ ಕಾಲದ ಕಡತವನ್ನು ಅದೇ ಅಚ್ಚುಮೊಳೆಯಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಗೀಚು. ಎಷ್ಟು ಕಥೆ, ಎಷ್ಟು ಪ್ರಬಂಧ, ಎಷ್ಟು ಸ್ಮರಣಸಂಚಿಕೆ ಹಾಗೆ ಮೂಕವಾಗಿ ಬಿದ್ದಿರುವುವೋ! ಒಂದು ಸಂಕೇತದಿಂದ ಇನ್ನೊಂದಕ್ಕೆ ಪಾಠವನ್ನು ಪರಿವರ್ತಿಸುವ ಸಾಧನಗಳನ್ನು ಹೆಸರಿನ ಆಸೆಯಿಲ್ಲದೆ ಬರೆದುಕೊಟ್ಟ ಸ್ವಯಂಸೇವಕರು ಇಲ್ಲದಿದ್ದರೆ ತಾಳೆಯೋಲೆಗಳು ಉಳಿದು ನಿನ್ನೆಯ ಬರೆಹ ಅಳಿದುಹೋಗುತ್ತಿತ್ತು. ಅವರ ಸಾಧನಗಳನ್ನು ನಾಳೆ ಕಾಯುವವರು ಯಾರೆಂಬ ಪ್ರಶ್ನೆ ಇನ್ನೂ ಉಳಿದೇ ಇದೆ.

ಕಡೆಗೆ ಒಂದು ಮಾತು. ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಕಟ್ಟಿದನು. ಕಾತ್ಯಾಯನನು ವಾರ್ತಿಕಗಳನ್ನು ಬರೆದು ಅವುಗಳಲ್ಲಿ ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ತಪ್ಪಿ ಹೇಳಿದ್ದನ್ನೂ ವಿಚಾರಿಸಿದನು. ಪತಂಜಲಿಯು ಎರಡನ್ನೂ ಒರೆಗೆ ಹಚ್ಚಿ, ಅನಾವಶ್ಯಕವಾದ ತಿದ್ದುಪಡಿಯನ್ನು ನಿರಾಕರಿಸಿ, ಅವಶ್ಯಕವಾದುದನ್ನು ಉಳಿಸಿ ಭಾಷ್ಯವನ್ನು ರಚಿಸಿದನು. ಈ ಮೂವರಲ್ಲಿ ಅಭಿಪ್ರಾಯಭೇದ ಬಂದರೆ ಯಾರ ಮಾತು ಪ್ರಮಾಣ? ಕಟ್ಟಿದವನದೆಂದು ಸಂಪ್ರದಾಯವು ಹೇಳಲಿಲ್ಲ. ಮೊದಲಿನವನಿಗಿಂತ ಎರಡನೆಯವನಿಗೂ ಎರಡನೆಯವನಿಗಿಂತ ಮೂರನೆಯವನಿಗೂ ಹೆಚ್ಚಿನ ಪ್ರಾಮಾಣ್ಯವನ್ನು ಕೊಟ್ಟಿತು. ಕೊಟ್ಟು ಮೂವರನ್ನೂ ಸಮಾನವಾಗಿ ಮುನಿಗಳೆಂದು ಕರೆಯಿತು. ಬಳಕೆಯಲ್ಲಿರುವ ಶಾಸ್ತ್ರವನ್ನು ಬಳಕೆಗೆ ಒಗ್ಗಿಸಿಕೊಂಡು ಬಂದವನೇ ಅದರ ನಿಜಸ್ಥಿತಿಯನ್ನು ಬಲ್ಲನೆಂಬ ವಿವೇಕ ಅವರಿಗಿತ್ತು. ಇಂದಿನ ಸಂಸ್ಥೆಗಳು ಅಷ್ಟು ದೂರ ಹೋಗುವುದು ಬೇಡ. ಕಾತ್ಯಾಯನನಿಗೆ ಪಾಣಿನಿಯಷ್ಟೇ ಸಂಬಳ ಕೊಡಲಿ. ಪತಂಜಲಿಯನ್ನು ಐವತ್ತು ತುಂಬಿತೆಂದು ಮನೆಗೆ ಕಳುಹಿಸದಿರಲಿ. ಮಗಳು ಹಳೆಯ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸದಲ್ಲಿರುವಳೆಂದು ಹೇಳುವಾಗ ತಾಯಿತಂದೆಗಳು ದನಿ ತಗ್ಗಿಸದಿರಲಿ.